ವಾರ್ಡ್ ಪೋಸ್ಟಿಂಗ್ ಅಂದ್ರೆ ಕೈ ನಡುಗುತ್ತೆ, ಏನ್ ಮಾಡ್ಲಿ?

ಪ್ರಶ್ನೆ (ಬಿಎಸ್ಸಿ ನರ್ಸಿಂಗ್, ಸೆಕೆಂಡ್ ಇಯರ್):
ಮೆಡಿಕಲ್ ವಾರ್ಡ್ ಪೋಸ್ಟಿಂಗ್ ನಡೀತಿದೆ. ಹೋದ ವಾರ ಒಬ್ರು ಅಜ್ಜಿಗೆ ಕ್ಯಾನುಲಾ (ಡ್ರಿಪ್ ಕೊಡೋ ಸಣ್ಣ ಟ್ಯೂಬ್) ಹಾಕೋಕೆ ಹೋದೆ, ವೇನ್ ಬ್ಲೋ ಆಗಿ, ಅಂದ್ರೆ ರಕ್ತನಾಳ ಒಡೆದು, ಕೈ ಊದ್ಕೊಳ್ತು, ಆಗ ಸ್ಟಾಫ್ ಸಿಸ್ಟರ್ ಎಲ್ಲಾ ಪೇಷಂಟ್‌ಗಳ ಮುಂದೆನೇ "ನಿಂಗೆಲ್ಲ ಯಾರಮ್ಮ ಸೀಟ್ ಕೊಟ್ರು" ಅಂದ್ರು. ಆವತ್ತಿಂದ ನನ್ನ ಹೆಸರೇ ಇಲ್ಲ, "ಏಯ್ ಬ್ಲೋ" ಅಂತಾನೇ ಕರೀತಾರೆ, ಜೊತೆಗಿರೋ ಹುಡುಗೀರೂ ನಗ್ತಾರೆ. ಮಾಡಿದ ಕೆಲಸ ಬರೆಯೋ ಪ್ರೊಸೀಜರ್ ಬುಕ್‌ಗೆ ಸೈನ್ ಕೇಳಿದ್ರೆ ನಾಳೆ ಬಾ, ನಾಳೆ ಬಾ. ಈಗ ಬಿಪಿ ನೋಡೋಕೂ ಎರಡೆರಡು ಸಲ ಕಫ್ ಕಟ್ತೀನಿ, ಕಿವಿಗೆ ಕೇಳಿಸಿದ್ದರ ಮೇಲೂ ನಂಬಿಕೆ ಇಲ್ಲ. ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದಾರೆ, ಮನೇಲಿ ಹೇಳೋಕೆ ಬಾಯೇ ಬರ್ತಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ವಾ?

ಸ್ಟಾಫ್ ನರ್ಸ್, ಧಾರವಾಡ ಕಡೆ:
ತಂಗಿ, ವಯಸ್ಸಾದವರ ವೇನ್ ಹಿಡಿಯೂದು ನಮಗೂ ಕಷ್ಟ ಐತಿ, ಚರ್ಮ ತೆಳ್ಳಗ ಇರ್ತೈತಿ, ಸೂಜಿ ಮುಟ್ಟಿದ್ರ ಸಾಕು ವೇನ್ ಅತ್ತಿತ್ತ ಜಾರತೈತಿ. ಹೆಬ್ಬೆರಳಿಂದ ಕೆಳಗಿನ ಚರ್ಮ ಬಿಗಿಯಾಗಿ ಎಳ್ಕೋ, ಪಿಂಕ್ 20 ಬಿಟ್ಟು ಅದಕ್ಕಿಂತ ಸಣ್ಣ ನೀಲಿ 22 ಕ್ಯಾನುಲಾ ತಗೋ, ಸೂಜಿ ಆದಷ್ಟು ಮಲಗಿಸಿ ಹಾಕು, ಟೂರ್ನಿಕೇಟ್ (ತೋಳಿಗೆ ಕಟ್ಟೂ ಪಟ್ಟಿ) ಭಾಳ ಬಿಗಿ ಮಾಡಬ್ಯಾಡ. ಎರಡು ಸಲ ಆಗಲಿಲ್ಲಂದ್ರ ಇನ್ನೊಬ್ಬರನ್ನ ಕರಿ, 11 ವರ್ಷ ಆದ್ಮ್ಯಾಲೂ ನಾ ಹಂಗ ಮಾಡ್ತೀನಿ. ಮತ್ತ ನೀ ಒಬ್ಬಾಕೀನ ಹಾಕಾಕ ಹೋಗಿದ್ದೇನು? ಸೆಕೆಂಡ್ ಇಯರ್ ಹುಡುಗಿ ಬಾಜೂಕ ಯಾರರೆ ನಿಂತಿರಬೇಕಿತ್ತು, ಅದು ವಾರ್ಡ್‌ನವರ ತಪ್ಪು.

ಕ್ಲಿನಿಕಲ್ ಇನ್‌ಸ್ಟ್ರಕ್ಟರ್:
ತಪ್ಪು ತಿದ್ದೋಕೆ ಗಟ್ಟಿಯಾಗಿ ಹೇಳೋದು ಬೇರೆ, ಅಡ್ಡಹೆಸರಿಟ್ಟು ಸೈನ್ ತಡೆಹಿಡಿಯೋದು ಬೇರೆ, ಇದು ಕಿರುಕುಳನೇ. ತಾರೀಖು, ಶಿಫ್ಟು, ಏನಂದ್ರು, ಯಾರ್ ಯಾರು ಇದ್ರು ಎಲ್ಲ ಬರೆದಿಡಿ, ಮೊದಲು ನಿಮ್ಮ ಸಿಐಗೆ (ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗೆ) ಹೇಳಿ, ಆಗ್ಲಿಲ್ಲ ಅಂದ್ರೆ ಪ್ರಿನ್ಸಿಪಾಲ್‌ಗೆ ಲೆಟರ್ ಕೊಡಿ, ಆಸ್ಪತ್ರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ರ ಅವರೇ ಮಾತಾಡ್ಲಿ. ಯುಜಿಸಿಯ 2009ರ ರ‍್ಯಾಗಿಂಗ್ ನಿಯಮ ಇರೋದು ವಿದ್ಯಾರ್ಥಿಗಳೇ ಕೊಡೋ ಕಾಟಕ್ಕೆ, ಸೀನಿಯರ್‌ಗಳೂ ಸೇರ್ಕೊಂಡಿದ್ರೆ 1800-180-5522ಗೆ ಫೋನ್ ಮಾಡಿ. ರಾತ್ರಿ ನಿದ್ದೆ ಬರದಷ್ಟು ಆಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, ಕನ್ನಡದಲ್ಲೇ ಮಾತಾಡಬಹುದು.

ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಥರ್ಡ್ ಇಯರ್:
ನಮ್ಮ ಬ್ಯಾಚಲ್ಲೂ ಒಬ್ಳಿಗೆ ಹಿಂಗೇ ಮಾಡಿದ್ರು, ಆಗ ನಕ್ಕವರಲ್ಲಿ ನಾನೂ ಇದ್ದೆ. ನಗ್ದಿದ್ರೆ ನಾಳೆ ನನ್ ಸರದಿ ಅನ್ನೋ ಭಯ ಅಷ್ಟೇ. ನಿಮ್ ಜೊತೆಯವರಲ್ಲಿ ಒಬ್ಳನ್ನ ಹಾಸ್ಟೆಲ್‌ನಲ್ಲಿ ಒಂಟಿಯಾಗಿ ಮಾತಾಡಿಸಿ ನೋಡಿ, ಸಾಕ್ಷಿ ಹೇಳೋಕೆ ಬರ್ತಾಳೆ. ನಮ್ ಬ್ಯಾಚಿನ ಆ ಹುಡುಗಿ ಪರ ನಾನು ಮಾತಾಡ್ಲೇ ಇಲ್ಲ, ಈಗ್ಲೂ ಬೇಜಾರಾಗುತ್ತೆ.

ಪ್ರಶ್ನೆ ಕೇಳಿದವಳು:
ಓದ್ತಾ ಅಳು ಬಂತು ಅಕ್ಕ, ಥ್ಯಾಂಕ್ಸ್. ಹೌದು, ಆವತ್ತು ಪಕ್ಕದಲ್ಲಿ ಯಾರೂ ಇರ್ಲಿಲ್ಲ. ಈಗ್ತಾನೆ ಸಿಐ ಮೇಡಂಗೆ ಎಲ್ಲಾ ಬರೆದು ಕಳ್ಸಿದೆ, ನಾಳೆ ಮಾರ್ನಿಂಗ್ ಶಿಫ್ಟ್‌ಗೆ ವಾರ್ಡ್‌ಗೆ ಬಂದು ಜೊತೆಗೆ ನಿಲ್ತೀನಿ ಅಂದಿದಾರೆ. ಟ್ರೇನಲ್ಲಿ ನೀಲಿ ಕ್ಯಾನುಲಾ ಇದ್ಯಾ ಅಂತ ಮೊದ್ಲೇ ನೋಡ್ಕೊತೀನಿ.