ಮೋಟಾರ್ ‘ಕಪುಟ್’ ಆಗ್ಯದ ಅಂತ ಪತ್ರದಾಗ ಬರೀಬೌದೇನ್ರಿ?

ದಾಲ್‌ಮಿಲ್, ಕಲಬುರಗಿ:
ತೊಗರಿ ಮಿಲ್ಲಿನ 10 ಎಚ್‌ಪಿ ಮೋಟಾರ್ ನಿಂತದ. ವಾರಂಟಿ ಇನ್ನೂ ಅದ, ಕಂಪನಿಗೆ ಇಂಗ್ಲಿಷ್‌ನಾಗ ಪತ್ರ ಬರೀಬೇಕು. ‘ದಿ ಮೋಟಾರ್ ಈಸ್ ಕಪುಟ್’ ಅಂದ್ರ ನಡೀತದೇನ್ರಿ? ಈ ಶಬ್ದ ಎಲ್ಲಿ ಹಚ್ಚಬೇಕು?

ಮಾಸ್ತರ್, ಯಾದಗಿರಿ:
ಪೂರ್ತಿ ಕೆಟ್ಟು ಕೆಲಸಕ್ಕ ಬಾರದಂಗ ಆಗ್ಯದ ಅಂತ ಅರ್ಥ. ಆದ್ರ ಅದು ಆಡುಮಾತು, ಕಂಪನಿ ಪತ್ರಕ್ಕ ಬ್ಯಾಡ್ರಿ. 19ನೇ ಶತಮಾನದ ಕೊನೀಗೆ ಜರ್ಮನ್‌ನಿಂದ ಇಂಗ್ಲಿಷಿಗೆ ಬಂದದ್ದು. ಜರ್ಮನ್ನರಿಗೆ ಅದು ಫ್ರೆಂಚರ ಇಸ್ಪೀಟ್ ಆಟ ‘ಪಿಕೆ’ಯಿಂದ ಸಿಕ್ತು: 12 ಕೈಯೊಳಗ ಒಂದೂ ಕೈ ಹತ್ತದೆ ಸೋತವ ‘ಕಪೋ’.

‘ಈಸ್’, ‘ವೆಂಟ್’, ‘ಹ್ಯಾಸ್ ಗಾನ್’ ಆದಮ್ಯಾಲೆ ಬರ್ತದ: ‘ದಿ ಪಂಪ್ ವೆಂಟ್ ಕಪುಟ್’. ‘ಅ ಕಪುಟ್ ಪಂಪ್’ ಅಂದ್ರ ಕಿವಿಗೆ ಒಗ್ಗೂದಿಲ್ಲ. ‘ವೆರಿ’ ಬ್ಯಾಡ, ‘ಕಂಪ್ಲೀಟ್ಲಿ’ ಹಚ್ಚಬೌದು. ಒತ್ತು ‘ಪುಟ್’ ಮ್ಯಾಲ. ಧಂದೆ ಮುಳುಗಿದ್ರೂ ಇದೇ ಶಬ್ದ ನಡೀತದ. ‘ಔಟ್ ಆಫ್ ಆರ್ಡರ್’ ಬ್ಯಾರೆ. ಅದು ಲಿಫ್ಟ್, ಎಟಿಎಂ ಸದ್ಯಕ್ಕ ಬಂದ್ ಅಂತ ಬೋರ್ಡ್ ಹಾಕಲಿಕ್ಕ.

ವೈಂಡಿಂಗ್, ಬೀದರ್:
ಯಾವ ಶಬ್ದ ಅನ್ನೋದಕ್ಕಿಂತ ಏನು ಕೆಟ್ಟದ ಅನ್ನೋದು ಮುಖ್ಯರೀ. ಮೇನ್ ಆಫ್ ಮಾಡಿ, ಬೆಲ್ಟ್ ತೆಗೆದು ಶಾಫ್ಟ್ ಕೈಲಿ ತಿರುವಿ ನೋಡ್ರಿ. ತಿರುಗಲಿಲ್ಲಂದ್ರ ಬೇರಿಂಗ್ ಜಾಮ್ ಇರಬೌದು. ತಿರುಗಿದ್ರ ಟರ್ಮಿನಲ್ ವೈರ್ ಬಿಚ್ಚಿ, 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್, ಅಂದ್ರ ತಂತಿ ಮ್ಯಾಲಿನ ಕರೆಂಟ್ ತಡೆಯೋ ಹೊದಿಕೆ, ಅಳೆಯೋ ಮೀಟರ್) ವೈಂಡಿಂಗ್‌ಗೂ (ಒಳಗಿನ ತಂತಿ ಸುತ್ತು) ಬಾಡಿಗೂ ಹಚ್ರಿ. 1 ಮೆಗಾಓಮ್‌ಗಿಂತ ಕಮ್ಮಿ ಬಂದ್ರ ಇನ್ಸುಲೇಶನ್ ಹೋಗ್ಯದ, ಇಲ್ಲಾ ಒಳಗ ಹಸಿ ಅದ.

ಮೋಟಾರ್ ನೀವು ಮಾತ್ರ ಬಿಚ್ಚಬ್ಯಾಡ್ರಿ, ಕ್ಲೇಮ್ ತಳ್ಳಿಹಾಕಲಿಕ್ಕ ಅದೇ ನೆವ ಆಗ್ತದ. ಕಂಪನಿಯವರು ಬಿಚ್ಚುವಾಗ ಮುಂದ ನಿಂತು ಫೋಟೋ ತಗೊಳ್ರಿ. ಡೆಲ್ಟಾ ಜೋಡಣೆ (ಮೂರು ಫೇಸಿನ ಕಾಯಿಲ್ ತ್ರಿಕೋನದಂಗ ಕೂಡಿಸಿದ್ದು) ಇದ್ದು ಒಂದೇ ಫೇಸಿನ ಕಾಯಿಲ್ ಕರ್ರಗಾಗಿದ್ರ, ಲೈನಿನಾಗ ಒಂದು ಫೇಸ್ ಹೋಗಿ ಸುಟ್ಟದ್ದು. ಸ್ಟಾರ್ (ಮೂರೂ ಕಾಯಿಲ್‌ನ ಒಂದೊಂದು ತುದಿ ಒಂದೇ ಕಡೆ ಕೂಡಿಸಿದ್ದು) ಇದ್ರ ಎರಡು ಫೇಸ್ ಸುಡ್ತಾವ. ಆವಾಗ ತಪ್ಪು ಕರೆಂಟಿಂದು, ನಮ್ಮದಲ್ಲ ಅಂತಾರ. ಮೂರೂ ಒಂದೇ ಸಮ ಸುಟ್ಟಿದ್ರ ಓವರ್‌ಲೋಡ್ ಅಂತಾರ. ಅದಕ್ಕ ಸ್ಟಾರ್ಟರ್‌ನ ರಿಲೇ (ಲೋಡ್ ಹೆಚ್ಚಾದ್ರ ಮೋಟಾರ್ ಬಂದ್ ಮಾಡೋದು) ಎಷ್ಟು ಆಂಪಿಯರ್‌ಗೆ ಇಟ್ಟದ್ದು ಅನ್ನೋದರ ಫೋಟೋ ಈಗಲೇ ತೆಗೆದಿಡ್ರಿ.

ದಾಲ್‌ಮಿಲ್, ಕಲಬುರಗಿ:
ಶಾಫ್ಟ್ ಸಲೀಸು ತಿರುಗ್ತದ. ಮೆಗ್ಗರ್ 0 ತೋರಿಸ್ತು.

ಮಾಸ್ತರ್, ಯಾದಗಿರಿ:
ಹಂಗಾದ್ರ ಹಿಂಗ ಬರೀರಿ: ‘ದಿ ಮೋಟಾರ್ ಹ್ಯಾಸ್ ಫೇಲ್ಡ್. ಶಾಫ್ಟ್ ಟರ್ನ್ಸ್ ಫ್ರೀಲಿ. ಇನ್ಸುಲೇಶನ್ ರೆಸಿಸ್ಟೆನ್ಸ್, ವೈಂಡಿಂಗ್ ಟು ಬಾಡಿ: ಜೀರೋ.’ ಸೀರಿಯಲ್ ನಂಬರ್, ಖರೀದಿ ತಾರೀಖು ಮ್ಯಾಲೇ ಹಾಕ್ರಿ. ‘ಬರ್ನ್ಟ್’ ಅಂತ ಬರೀಬ್ಯಾಡ್ರಿ. ಬಿಚ್ಚಿ ನೋಡೋತನಕ ಅದು ಊಹೆ.