ಕಾರಿನ ಎತ್ತರ: ಇಳಿಸುವುದೋ, ತಗ್ಗಿಸುವುದೋ?

ಸ್ನೇಹಿತರೇ, ಕಾರಿನ ಸಸ್ಪೆನ್ಷನ್ (ಮೈಯನ್ನು ಚಕ್ರಗಳ ಮೇಲೆ ಹೊತ್ತು ಕುಲುಕಾಟ ತಗ್ಗಿಸುವ ಸ್ಪ್ರಿಂಗ್ ಮುಂತಾದ ಭಾಗಗಳ ಜೋಡಣೆ) ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೈ ನಿಂತಿದೆ. ಕಾರಿನ ಮೈಯನ್ನು ನೆಲದ ಹತ್ತಿರಕ್ಕೆ ತರುವ ಕೆಲಸಕ್ಕೆ ಏನನ್ನೋಣ?

‘ಸಸ್ಪೆನ್ಷನ್ ಇಳಿಸಿ’ ಎಂದು ಬರೆದರೆ ಮೆಕ್ಯಾನಿಕ್ ಅದನ್ನು ಬಿಚ್ಚಿ ಕೆಳಗಿಡುತ್ತಾನೆ. ‘ಎಂಜಿನ್ ಇಳಿಸಿದ್ದಾರೆ’ ಅಂದರೆ ಗಾಡಿಯಿಂದ ಹೊರಗೆ ತೆಗೆದಿದ್ದಾರೆ ಅಂತಲೇ ಅಲ್ವಾ? ಹೋಗಲಿ, ‘ಕೂರಿಸು’ ಅನ್ನೋಣವೆಂದರೆ ಅದು ಪೂರ್ತಿ ಉಲ್ಟಾ. ‘ಸ್ಪ್ರಿಂಗ್ ಕೂರಿಸು’ ಎಂದರೆ ಅದರ ಜಾಗಕ್ಕೆ ಜೋಡಿಸು. ಇನ್ನು ‘ಗಾಡಿ ಹಿಂದುಗಡೆ ಕೂತಿದೆ’ ಅನ್ನುವುದು ಸ್ಪ್ರಿಂಗ್ ಸೋತಾಗಿನ ದೂರು. ಬೇಕೆಂದೇ ಮಾಡಿಸಿದ್ದಕ್ಕೆ ಆ ಮಾತು ಸಲ್ಲದು. ಹಾಗಾಗಿ ನನ್ನ ಒಲವು ‘ತಗ್ಗಿಸು’ ಕಡೆಗೆ. ಅದನ್ನೂ ಸಸ್ಪೆನ್ಷನ್‌ಗೆ ಸೇರಿಸದೆ, ಎತ್ತರಕ್ಕೆ ಸೇರಿಸಬೇಕು: ‘ಎತ್ತರ ತಗ್ಗಿಸು’.

ಆದರೆ ಯಾವ ಎತ್ತರ? ‘ಗ್ರೌಂಡ್ ಕ್ಲಿಯರೆನ್ಸ್’, ‘ರೈಡ್ ಹೈಟ್’ ಎರಡನ್ನೂ ಒಂದೇ ಅನ್ನುವವರು ಜಾಸ್ತಿ. ಮೊದಲನೆಯದು ನೆಲಕ್ಕೂ ಕಾರಿನ ಅಡಿಯಲ್ಲಿ ಎಲ್ಲಕ್ಕಿಂತ ಕೆಳಗಿರುವ ಭಾಗಕ್ಕೂ ಇರುವ ಅಂತರ. ಎರಡನೆಯದನ್ನು ಸಸ್ಪೆನ್ಷನ್ ಕೆಲಸದವರು ಸಾಮಾನ್ಯವಾಗಿ ಚಕ್ರದ ನಡುವಿನಿಂದ ಮೇಲಿನ ಫೆಂಡರ್ (ಚಕ್ರದ ಮೇಲೆ ಬಾಗಿರುವ ತಗಡು) ಅಂಚಿಗೆ ಅಳೆಯುತ್ತಾರೆ. ಟೈರಿನ ಗಾಳಿ ಹೋದರೆ ಮೊದಲನೆಯದು ಕಡಿಮೆಯಾಗುತ್ತದೆ, ಎರಡನೆಯದು ಹಾಗೇ ಇರುತ್ತದೆ. ವ್ಯಾಸ 20 ಮಿ.ಮೀ. ಜಾಸ್ತಿ ಇರುವ ಟೈರ್ ಹಾಕಿದರೆ ನೆಲದ ಅಂತರ ಸುಮಾರು 10 ಮಿ.ಮೀ. ಏರುತ್ತದೆ. ಸ್ಪ್ರಿಂಗ್‌ಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಗಿಡ್ಡ ಸ್ಪ್ರಿಂಗ್ ಹಾಕಿದಾಗ ಎರಡೂ ಒಟ್ಟಿಗೆ ತಗ್ಗುತ್ತವೆ ಅನ್ನಬಹುದು. ಗಟ್ಟಿ ಆಕ್ಸಲ್ (ಎಡಬಲದ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು) ಇರುವ ಗಾಡಿಯಲ್ಲಿ ಅದೂ ಖಾತ್ರಿಯಿಲ್ಲ. ಎಲ್ಲಕ್ಕಿಂತ ಕೆಳಗಿರುವುದು ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್‌ಗಳ ಗೂಡು) ಆದರೆ, ಮೈ ತಗ್ಗಿದರೂ ಅದು ಇದ್ದಲ್ಲೇ ಇರುತ್ತದೆ.

ಹಾಗಾಗಿ ಎರಡು ಬೇರೆ ಪದ ಬೇಕೇ ಬೇಕು. ‘ನೆಲದಂತರ’ ಮತ್ತು ‘ನಿಲುವೆತ್ತರ’ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ಸವಾರಿ ಎತ್ತರ’ ಅಂದರೆ ಕುದುರೆ ನೆನಪಾಗುತ್ತದೆ, ಅದು ಬೇಡ.

ಕೊನೆಯ ತೊಡಕು ‘ಅಡ್ಜಸ್ಟ್’. ಕಾಯಿಲ್‌ಓವರ್‌ನಲ್ಲಿ (ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಇರುವ ಜೋಡಣೆ) ಥ್ರೆಡ್ ಇರುವ ಕೊಳವೆಯ ಮೇಲೆ ಒಂದು ಬಳೆ ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಕೂರುವ ಜಾಗ ಮೇಲೆ ಕೆಳಗೆ ಸರಿಯುತ್ತದೆ, ಜೊತೆಗೆ ಕಾರಿನ ಎತ್ತರವೂ. ಇದಕ್ಕೆ ‘ಹೊಂದಿಸು’ ಸಾಕು ಅಂದುಕೊಂಡಿದ್ದೆ. ಆದರೆ ಎತ್ತರ ಬದಲಾದರೆ ಚಕ್ರದ ಕ್ಯಾಂಬರ್ (ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೋ (ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತವೆ. ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಅದಕ್ಕೂ ‘ಹೊಂದಿಸು’ ಅಂದರೆ ಓದುವವರಿಗೆ ಗೊಂದಲ. ‘ಏರಿಳಿಸು’ ಹೇಗೆ? 1955ರಲ್ಲಿ ಬಂದ ಸಿಟ್ರೊಯೆನ್ ಡಿಎಸ್‌ನಂತೆ ಒಳಗೆ ಕೂತೇ ಲಿವರ್‌ನಿಂದ ಎತ್ತರ ಬದಲಿಸುವ ಕಾರಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಸ್ಪಾನರ್ ಹಾಕಿ ತಿರುಗಿಸಿ, ಬಿಗಿ ಮಾಡಿ ಬಿಟ್ಟುಬಿಡುವ ಬಳೆಗೆ ಯಾಕೋ ಒಪ್ಪುವುದಿಲ್ಲ.

ಲಾರಿ, ಟ್ರ್ಯಾಕ್ಟರ್ ರಿಪೇರಿ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಹೊಸದಾಗಿ ಕಟ್ಟಿದ ಪದಕ್ಕಿಂತ ಅಂಥದ್ದು ಸಿಕ್ಕರೆ ಖುಷಿ.