ಕೆಲ್ಲಿ ಗಣಿಯ ನೀಲಿ ಕಲ್ಲು: ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ (ಮೈಸೂರಿನಿಂದ)
ಅರಿಜೋನಾದಲ್ಲಿರುವ ನನ್ನ ತಮ್ಮ ಸತುವಿನ ಖನಿಜವಾದ ಸ್ಮಿತ್‌ಸೋನೈಟ್ ಕಲ್ಲೊಂದನ್ನು ನೋಡಿಟ್ಟಿದ್ದಾನೆ. ಅಂಗೈಯಗಲ, ದ್ರಾಕ್ಷಿ ಗೊಂಚಲಿನಂತೆ ಉಬ್ಬುಬ್ಬು, ಹಸಿರು ಬೆರೆತ ನೀಲಿ. ನ್ಯೂ ಮೆಕ್ಸಿಕೋದ ಕೆಲ್ಲಿ ಗಣಿಯದು ಎಂದು ವ್ಯಾಪಾರಿ ದುಬಾರಿ ಬೆಲೆ ಹೇಳುತ್ತಿದ್ದಾನೆ. ನಂಬಬಹುದೇ? ಅನುಭವವುಳ್ಳವರು ತಿಳಿಸಿ.

ಒಮ್ಮೆ ಮೋಸಹೋದವನು
ಸಾರ್, ಬಣ್ಣ ನೋಡಿ ಮರುಳಾಗಬೇಡಿ. ನಾನು ಹಾಗೆ ಕೊಂಡದ್ದು ಕೊನೆಗೆ ಹೆಮಿಮಾರ್ಫೈಟ್. ಅದೂ ಸತುವಿನದೇ ಖನಿಜ, ಆದರೆ ಸಿಲಿಕೇಟ್, ಸ್ಮಿತ್‌ಸೋನೈಟ್ ಕಾರ್ಬೊನೇಟ್. ತೂಕ ಸುಳ್ಳು ಹೇಳುವುದಿಲ್ಲ. ಮೊದಲು ಕಲ್ಲನ್ನು ತೂಗಿ. ಆಮೇಲೆ ಅಡುಗೆಮನೆಯ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಅಂಕಿಯಿಂದ ಕಲ್ಲಿನ ತೂಕವನ್ನು ಭಾಗಿಸಿ. 4.4ರ ಆಸುಪಾಸು ಬಂದರೆ ಸ್ಮಿತ್‌ಸೋನೈಟ್; 3.4 ಬಂದರೆ ನನ್ನ ಗತಿ. ಹಿಂಬದಿಗೆ ಬೇರೆ ಕಲ್ಲು ದಪ್ಪಗೆ ಅಂಟಿದ್ದರೆ ಲೆಕ್ಕ ಕೆಡುತ್ತದೆ.

ಹತ್ತು ವರ್ಷಗಳಿಂದ ಕಲ್ಲು ಕೂಡಿಡುವವಳು
ಕೆಲ್ಲಿ ಇರುವುದು ಮ್ಯಾಗ್ಡಲೀನಾ ಊರಿನ ಬಳಿ. 1866ರಲ್ಲಿ ಆ ಬೆಟ್ಟದಲ್ಲಿ ಅದಿರು ಸಿಕ್ಕಾಗ ಜನರಿಗೆ ಬೇಕಿದ್ದುದು ಸೀಸ, ಬೆಳ್ಳಿ. ಈ ಹಸಿರು ಕಲ್ಲನ್ನು ಕಸವೆಂದು ಗುಡ್ಡೆಹಾಕಿದರು. 20ನೇ ಶತಮಾನದ ಆರಂಭದಲ್ಲಿ ಅದು ಸತುವಿನ ಅದಿರೆಂದು ಗೊತ್ತಾದಾಗ ಆ ಗುಡ್ಡೆಗೇ ಬೆಲೆ ಬಂತು; ಬಣ್ಣ ತಯಾರಿಸುವ ಶೆರ್ವಿನ್ ವಿಲಿಯಮ್ಸ್ ಕೂಡ ಅಲ್ಲಿ ಗಣಿ ಕೊಂಡಿತು. ಈಗ ಕೆಲ್ಲಿ ಪಾಳುಬಿದ್ದ ಊರು. ಆ ನೀಲಿ ಬರುವುದು ತಾಮ್ರದಿಂದ. ನಮೀಬಿಯಾದ ತ್ಸುಮೇಬ್‌ನ ಗುಲಾಬಿ ಕಲ್ಲುಗಳಲ್ಲಿ ಕೋಬಾಲ್ಟ್ ಇರುತ್ತದೆ. ನಾನಾದರೆ ಕಲ್ಲಿಗಿಂತ ಮೊದಲು ಅದು ಎಲ್ಲಿಯದೆಂದು ಬರೆದಿಟ್ಟ ಹಳೆಯ ಸಂಗ್ರಹಕಾರರ ಚೀಟಿ ಕೇಳುತ್ತೇನೆ. ಹರಿದಿದ್ದರೂ ಸರಿ.

ಬೆಂಗಳೂರಿನಿಂದ
ಮನೆಗೆ ಬಂದ ಮೇಲೆ ವಿನೆಗರ್ ಮುಟ್ಟಿಸಬೇಡಿ! ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯಲು ಹೋಗಿ ರಾತ್ರಿಯಿಡೀ ನೆನೆಸಿಟ್ಟೆ. ರೇಷ್ಮೆಯಂಥ ಹೊಳಪು ಹೋಗಿ ಸೀಮೆಸುಣ್ಣದಂತಾಯಿತು. ಕಾರ್ಬೊನೇಟ್ ಆಮ್ಲದಲ್ಲಿ ಕರಗುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದೆ. ಪರೀಕ್ಷೆ ಮುಗಿದ ಮೇಲೆ ಯಾರು ನೆನಪಿಡುತ್ತಾರೆ?

ಪ್ರಶ್ನೆ ಕೇಳಿದವನು
ನನ್ನ ತಮ್ಮ ವ್ಯಾಪಾರಿಯ ಎದುರೇ ತೂಗಿದ. ಕಲ್ಲು 310 ಗ್ರಾಂ, ನೀರಿನ ತಕ್ಕಡಿಯಲ್ಲಿ 70. ಅಂದರೆ 4.43. ಆದರೆ ಚೀಟಿ ಇಲ್ಲವಂತೆ. ಕಲ್ಲಿನ ಬೆಲೆ ಕೊಡುತ್ತೇವೆ, ಊರಿನ ಹೆಸರಿಗೆ ಕೊಡುವುದಿಲ್ಲ ಎಂದು ಹೇಳಿಸಿದ್ದೇನೆ. ವ್ಯಾಪಾರಿ ಯೋಚಿಸುತ್ತಿದ್ದಾನೆ.